ಕೊಬ್ಬರಿ ಸುಲಿಯುವವರ ಇಂಗ್ಲಿಷು

ಬಿಳಿಗೆರೆಯ ನಮ್ಮ ಮನೆಗೆ ಕೊಬ್ಬರಿ ಸುಲಿಯಲು ಒಬ್ಬರು ಬರುತ್ತಿದ್ದರು; ವರ್ಷವಿಡೀ ಅಟ್ಟದಲ್ಲಿ ಒಣಗಿದ ಕಾಯಿಗಳನ್ನು ಸುಲಿದು ಒಂದೊಂದನ್ನೂ ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದರು. ಒಳಗೆ ಕೊಬ್ಬರಿ ಗಡಗಡ ಉರುಳಿದರೆ 'ಒರಿಜಿನಲ್ ಪೀಸು', ಇನ್ನೂ ನೀರು ಕುಲುಕಿದರೆ 'ಡಮ್ಮಿ ಪೀಸು'. ಮನುಷ್ಯರಿಗೂ ಅವರದು ಅದೇ ಇಂಗ್ಲಿಷು. ಟೀಗೆ ಸಕ್ಕರೆ ಮರೆತ ನಾನು ಡಮ್ಮಿ ಪೀಸು, ಕರೆಂಟು ತೆಗೆದ ಲೈನ್‌ಮನ್ನು ವೇಸ್ಟ್ ಬಾಡಿ.

ನನ್ನನ್ನು ನೋಡಲು ಮೈಸೂರಿನ ಗಂಡು ಬರುವ ದಿನ ಅಮ್ಮ, "ಇವತ್ತೊಂದಿನ ಬಾಯ್ ಮುಚ್ಕೊಂಡಿರಣ್ಣ" ಎಂದು ಕೈಮುಗಿದಳು.

"ಆಯ್ತು ಕಣಕ್ಕ, ನೋ ಸೌಂಡು" ಎಂದವರೇ ಟವೆಲನ್ನು ಬಾಯಿಗೆ ಕಟ್ಟಿಕೊಂಡರು.

ಗಂಡು ಅಂಗಳಕ್ಕೆ ಬಂದು, ಅವರು ಬೇಡವೆಂದು ಪಕ್ಕಕ್ಕೆಸೆದಿದ್ದ ಕಾಯೊಂದನ್ನು ಎತ್ತಿ ಅಲ್ಲಾಡಿಸಿದ. "ಇದು ರೆಡಿಯಾಗಿದೆ" ಎಂದು ತಾನೇ ಮಚ್ಚಿನಿಂದ ಒಡೆದ. ನಾರುವ ನೀರು ಅವನ ಬಿಳಿ ಅಂಗಿಯ ತುಂಬ ಚಿಮ್ಮಿತು.

"ಡಮ್ಮಿ ಪೀಸು!" ಎಂಬ ಕೂಗು ಕೇಳಿತು. ಅಮ್ಮ ಅವರತ್ತ ಕೆಂಗಣ್ಣು ಬಿಟ್ಟಳು.

ಅವರು ಟವೆಲು ಕಿತ್ತು, "ನಾನಲ್ಲ ಕಣಕ್ಕ, ನಿನ್ ಮಗ್ಳು!" ಎಂದರು.

ಗಂಡು ಬಿದ್ದು ಬಿದ್ದು ನಕ್ಕ. ಅವರು ತಲೆ ವಾಲಿಸಿ ಆ ನಗುವಿಗೆ ಕಿವಿಗೊಟ್ಟರು.

"ಒರಿಜಿನಲ್ ಪೀಸು ಕಣಕ್ಕ. ಕೊಟ್ಬುಡು."