ಮಾವನ ಒಪ್ಪಿಗೆ, ನನ್ನ ದನಿಯಲ್ಲಿ

ಅಕ್ಕನಿಗೆ ಮೂರನೆಯ ಸಲ ದಿನ ನಿಂತಿದೆ ಎಂಬ ಸುದ್ದಿ ಎರಡೂ ಮನೆಗಳಲ್ಲಿ ಎಲ್ಲರಿಗಿಂತ ಕೊನೆಗೆ ಮುಟ್ಟಿದ್ದು ನನಗೆ. ನನಗೆ ಏನು ಹೇಳಿದರೂ ಅದನ್ನು ಹೇಳಿದವರ ದನಿಯಲ್ಲೇ ಮುಂದಿನವರಿಗೆ ದಾಟಿಸುತ್ತೇನೆ ಎಂಬ ಹೆಸರು ಬಂದುಬಿಟ್ಟಿದೆ. ಸುಳ್ಳೇನಲ್ಲ. ನಾವು ಬಂದು ನೆಲೆಸಿದ ಈ ತೆಲುಗು ಊರಿನಲ್ಲಿ, ಬಾಲಾನಗರದ ನಮ್ಮ ಗಲ್ಲಿಯಲ್ಲಿ ಗಣಪತಿ ಕೂರಿಸಿದಾಗ ಮೈಕು ನನ್ನ ಕೈಗೆ ಬರುತ್ತದೆ. ಮೆಟ್ರೋದಲ್ಲಿ ಮುಂದಿನ ನಿಲ್ದಾಣ ಹೇಳುವ ಹೆಂಗಸಿನಿಂದ ಹಿಡಿದು, ಲೇತ್ ಮಷಿನ್ನಿನ ಸದ್ದಿಗೆ ಕಿವಿ ಮಂದವಾಗಿ ಗುಟ್ಟನ್ನೂ ಕೂಗಿ ಹೇಳುವ ನಮ್ಮಪ್ಪನ ತನಕ ಯಾರನ್ನೂ ಬಿಡುವುದಿಲ್ಲ. ನನ್ನನ್ನೂ ಬಿಡುವುದಿಲ್ಲ. ಕೆಲಸ ಕೇಳಲು ಹೋದಾಗ ನನ್ನ ದನಿ ಕೋಳಿಮರಿಯದಾಗುತ್ತದಲ್ಲ, ಅದಕ್ಕೇ ಜನ ಹೆಚ್ಚು ನಗುತ್ತಾರೆ.

ಅಕ್ಕ ಮೊದಲು ಹೇಳಿದ್ದು ಗಂಡನಿಗೆ. ಅಕ್ಕನ ಗಂಡ, ಅಂದರೆ ನನ್ನ ಮಾವ, ಸೆಂಟ್ರಿಂಗ್ ಮೇಸ್ತ್ರಿ. ಆಗ ವರಂಗಲ್ ಕಡೆ ಯಾವುದೋ ಕಟ್ಟಡಕ್ಕೆ ಸ್ಲ್ಯಾಬ್ ಹಾಕಿಸುತ್ತ ಅಲ್ಲೇ ಉಳಿದಿದ್ದರು. "ನನಗ ಇದು ಬ್ಯಾಡ" ಎಂದು ಅಕ್ಕ ಫೋನಿನಲ್ಲಿ ಅಂದಾಗ ಅವರು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. "ಅವ್ವನ್ನ ಕೇಳು" ಅಂದರು. ಎತ್ತೆತ್ತರದ ಕಟ್ಟಡಗಳನ್ನು ಬೀಳದ ಹಾಗೆ ನಿಲ್ಲಿಸುವ ಮನುಷ್ಯ. ಲಿಂಗಂಪಲ್ಲಿಯ ಮನೆಯಲ್ಲಿದ್ದ ಅವರ ಅವ್ವ ಪ್ರಶ್ನೆ ಮುಗಿಯುವ ಮೊದಲೇ "ಪಾಪ" ಅಂದರು. ಆಮೇಲೆ ನಮ್ಮ ಅವ್ವನಿಗೆ ಫೋನು ಮಾಡಿ ಅದನ್ನೇ ಸ್ವಲ್ಪ ಉದ್ದಕ್ಕೆ ಹೇಳಿದರು.

ಅಕ್ಕನಿಗೆ ಇರುವುದು ಇಬ್ಬರು ಹೆಣ್ಣುಮಕ್ಕಳು. ಸಣ್ಣವಳು ಹೊಟ್ಟೆಯಲ್ಲಿದ್ದಾಗ ಇದೇ ಅತ್ತೆ, "ಗಂಡೋ ಹೆಣ್ಣೋ ನೋಡಿ ಹೇಳೋರು ಎಲ್ಲ್ಯಾರ ಇದ್ರ ವಿಚಾರಿಸು, ಮುಂದಿಂದು ಮುಂದ ನೋಡೂಣು" ಅಂದಿದ್ದರು. ಆಗ ಪಾಪದ ಮಾತು ಎದ್ದಿರಲಿಲ್ಲ. ಈ ಸಲ ಅವರ ಕನಸಿನಲ್ಲಿ ಗಂಡುಕೂಸು ಆಡಿಕೊಂಡು ಹೋಗಿತ್ತಂತೆ. ಆದ್ದರಿಂದ ಜೀವ ಪವಿತ್ರ.

ಭಾನುವಾರ ಅಕ್ಕ ಬಾಲಾನಗರಕ್ಕೆ ಬಂದಳು. ಅವಳಿಗೆ ಬೇಕಿದ್ದದ್ದು ಜೊತೆಗೆ ಆಸ್ಪತ್ರೆಗೆ ಬರುವ ಒಂದು ಆಳು. ಸಿಕ್ಕಿದ್ದು ಚರ್ಚೆ. ಚರ್ಚೆ ಅಂದಮೇಲೆ ನಾನು ಸುಮ್ಮನಿರುವುದುಂಟೆ? ಸೌಟು ಹಿಡಿದು ಟೀವಿಯವನಾದೆ.

"ವೀಕ್ಷಕರೇ, ಹೆಣ್ಣಿನ ಗರ್ಭದ ಬಗ್ಗೆ ಮಾತಾಡಲು ನಮ್ಮ ಜೊತೆ ಒಬ್ಬ ನಿವೃತ್ತ ಲೇತ್ ಆಪರೇಟರ್ ಇದ್ದಾರೆ. ಹೇಳಿ ಸರ್, ಈ ವಿಷಯದಲ್ಲಿ ನಿಮ್ಮ ಅನುಭವ?"

"ಮಂಗ್ಯಾ, ಸುಮ್ ಕುಂದ್ರು" ಅಂದ ಅಪ್ಪ. ಆದರೆ ಸೌಟು ಮುಂದೆ ಬಂದದ್ದರಿಂದ ಅಭಿಪ್ರಾಯ ತಾನಾಗಿಯೇ ಹೊರಟಿತು. "ಇಬ್ರು ಇದ್ದಲ್ಲಿ ಮೂರು ಮಂದಿ. ಇನ್ನೊಂದೆರಡು ರೊಟ್ಟಿ ಹೆಚ್ಚಿಗಿ, ಅಷ್ಟಽ."

"ಬಡಿಯೋರು ಯಾರಪ್ಪಾ?" ಅಂದಳು ಅಕ್ಕ.

ಅಪ್ಪನಿಗೆ ಕಿವಿ ಮಂದವೆಂಬುದು ಇಂಥ ಹೊತ್ತಿನಲ್ಲಿ ಉಪಯೋಗಕ್ಕೆ ಬರುತ್ತದೆ.

ಅವ್ವ ಮಾತ್ರ ಅಕ್ಕನ ಪಕ್ಕಕ್ಕೆ ಸರಿದು ಕೇಳಿದಳು, "ಜೀವ ಅಲ್ಲೇನವಾ ಅದು?"

"ಹೌದು ಅವ್ವಾ. ಅದಕ್ಕಽ ನಿದ್ದಿ ಬರವಲ್ದು" ಅಂದಳು ಅಕ್ಕ. ತಡೆದು, "ಆದ್ರೂ ಬ್ಯಾಡ" ಅಂದಳು.

ಆ 'ಬೇಡ'ಕ್ಕೆ ಒಂದು ಒಳ್ಳೆಯ ಕಾರಣ ಸಿಕ್ಕರೆ ಎಲ್ಲರಿಗೂ ಅನುಕೂಲವಾಗುತ್ತಿತ್ತು. "ನಿನ್ನ ಜೀವಕ್ಕ ಅಪಾಯ ಐತಿ ಅಂತ ಡಾಕ್ಟರ್ ಅಂದಿದ್ರ ನಾನಽ ಕರ್ಕೊಂಡು ಹೋಗ್ತಿದ್ದೆ" ಎಂದು ಅವ್ವ ತುಸು ಆಸೆಯಿಂದಲೇ ಅಂದಳು. ದುರ್ದೈವಕ್ಕೆ ಅಕ್ಕನ ಆರೋಗ್ಯ ಚೆನ್ನಾಗಿತ್ತು. ಸಣ್ಣವಳು ಶಾಲೆಗೆ ಹೋಗಲು ಶುರುಮಾಡಿದ ಮೇಲೆ ಅಕ್ಕ ಸೂಪರ್ ಮಾರ್ಕೆಟ್ಟಿನ ಬಿಲ್ಲಿಂಗ್ ಕೌಂಟರಿನಲ್ಲಿ ಕೂರುತ್ತಿದ್ದಳು, ಕಣ್ತುಂಬ ನಿದ್ದೆ ಮಾಡುವುದನ್ನು ವರ್ಷಗಳ ಮೇಲೆ ಮತ್ತೆ ಕಲಿತಿದ್ದಳು. ಇದನ್ನೆಲ್ಲ ಕಾರಣವೆಂದು ಮಂಡಿಸಿದರೆ ಯಾರೂ ಒಪ್ಪುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಹೀಗಾಗಿ ಕಾರಣ ಹೇಳುವುದನ್ನೇ ಬಿಟ್ಟಿದ್ದಳು.

ಕಡೆಗೆ ನಾನು ಕಾನೂನನ್ನೇ ಕರೆಸಿದೆ. ದಿಲ್‌ಸುಖ್‌ನಗರದ ಒಂದು ಕೋಚಿಂಗ್ ಸೆಂಟರಿನ ಆಫೀಸಿನಲ್ಲಿ ನನ್ನ ಕೆಲಸ. ಪ್ಲೈವುಡ್ ಗೋಡೆಯಾಚೆ ಕಾನೂನು ಪ್ರವೇಶ ಪರೀಕ್ಷೆಯ ಪಾಠ ನಡೆಯುತ್ತದೆ. ಫೀಸು ಕೊಟ್ಟವರಿಗೆ ಅಲ್ಲಿ ನಿದ್ದೆ, ನನಗೆ ಈಚೆ ಪುಕ್ಕಟೆ ವಿದ್ಯೆ. ಆ ಸರ್ ಮೂಗಿನಿಂದ ಮಾತಾಡುತ್ತಾರೆ. ನಾನೂ ಮೂಗಿಗೆ ದನಿ ಏರಿಸಿದೆ: "ವಯಸ್ಸಿಗೆ ಬಂದ ಹೆಂಗಸಿನ ಒಪ್ಪಿಗೆ ಒಂದೇ ಸಾಕು. ಗಂಡನ ಸಹಿ ಬೇಕೆಂದು ಕಾಯಿದೆಯಲ್ಲಿ ಎಲ್ಲಿಯೂ ಇಲ್ಲ. ಆದರೆ ಅವಳು ಬೇಡ ಅಂದರಷ್ಟೇ ಸಾಲದು, ಡಾಕ್ಟರಿಗೂ ಸರಿ ಅನ್ನಿಸಬೇಕು. ಹಾಗಾದರೆ ಇದು ಹಕ್ಕೋ, ಪರವಾನಗಿಯೋ? ನೋಟ್ ಮಾಡಿಕೊಳ್ಳಿ, ಪರೀಕ್ಷೆಗೆ ಬರಬಹುದು."

"ಯಾರು ನೋಟ್ ಮಾಡ್ಕೊಬೇಕು? ಆಕಿ ಅತ್ತಿ ಏನು?" ಅಂದ ಅಪ್ಪ. ಕಿವಿ ಅಷ್ಟರಲ್ಲಿ ಸರಿಹೋಗಿತ್ತು.

ಅಕ್ಕ ನಕ್ಕಳು. ಆ ವಾರದಲ್ಲಿ ಅವಳು ನಕ್ಕದ್ದು ಅದೇ ಮೊದಲಿರಬೇಕು. "ನೀನಽ ಬಾರೋ ನನ್ನ ಜೋಡಿ" ಅಂದಳು. ಹೀಗೆ, ಕುಟುಂಬದಲ್ಲಿ ಜವಾಬ್ದಾರಿಯ ಕೆಲಸಕ್ಕೆ ಯಾರೂ ಕರೆಯದ ನನಗೆ ಕರೆ ಬಂತು.

ನರ್ಸಿಂಗ್ ಹೋಮಿಗೆ ಅಕ್ಕ ಸೂಪರ್ ಮಾರ್ಕೆಟ್ಟಿನ ಯೂನಿಫಾರ್ಮಿನಲ್ಲೇ ಬಂದಳು, ಕೆಲಸಕ್ಕೆಂದು ಮನೆ ಬಿಟ್ಟಿದ್ದಳಲ್ಲ. ಗೋಡೆಯ ಮೇಲೆ, ಇಲ್ಲಿ ಮಗು ಗಂಡೋ ಹೆಣ್ಣೋ ಎಂದು ಹೇಳುವುದಿಲ್ಲ, ಕೇಳುವುದೂ ಅಪರಾಧ ಎಂಬ ದೊಡ್ಡ ಫಲಕ. ಕೌಂಟರಿನಲ್ಲಿದ್ದ ಹುಡುಗಿ ಅಕ್ಕ ಹೇಳಿದ್ದನ್ನೆಲ್ಲ ಕೇಳಿ, ತೆಲುಗಿನಲ್ಲಿ ಒಂದೇ ಮಾತು ಅಂದಳು, "ಭರ್ತ ಎಕ್ಕಡ?" ಗಂಡ ಎಲ್ಲಿ?

ಊರಲ್ಲಿಲ್ಲ ಅಂದಳು ಅಕ್ಕ. ನಿರ್ಧಾರ ನನ್ನದು, ಸಹಿ ನಾನೇ ಮಾಡುತ್ತೇನೆ ಅಂದಳು. ಹುಡುಗಿ ತಲೆಯಾಡಿಸಿ, ಅದು ಸರಿ, ಭರ್ತ ಎಕ್ಕಡ ಅಂದಳು. ನಾನು ಮುಂದೆ ಬಂದು ಕಾನೂನು ಸರ್ ಮೂಗನ್ನು ಪ್ರಯೋಗಿಸಿದೆ. ಅವಳು ಕಾಯಿದೆಯನ್ನು ಪೂರ್ತಿ ಒಪ್ಪಿಕೊಂಡು, "ಕರೆಕ್ಟೇ ಸಾರ್. ಭರ್ತ ಎಕ್ಕಡ?" ಅಂದಳು. ಬರಲು ಆಗದಿದ್ದರೆ ಫೋನಿನಲ್ಲಾದರೂ ಅವರು ಒಂದು ಮಾತು ಹೇಳಬೇಕಂತೆ, ಅದು ಇಲ್ಲಿಯ ಪದ್ಧತಿಯಂತೆ.

ಮಾವನ ದನಿ ನನಗೆ ನೀರು ಕುಡಿದಷ್ಟು ಸಲೀಸು. ಮೊದಲು ಗಂಟಲು ಕೆರೆಯಬೇಕು, ಆಮೇಲೆ ಬಾಯಲ್ಲಿ ಗುಟ್ಕಾ ಇದ್ದ ಹಾಗೆ ಮಾತನ್ನು ದವಡೆಯಲ್ಲಿ ಹೊರಳಿಸಬೇಕು. ಒಮ್ಮೆ ಅವರ ಅವ್ವನನ್ನೇ ಫೋನಿನಲ್ಲಿ ನಂಬಿಸಿ, ಊಟ ಆಯಿತೇನಪ್ಪಾ ಎಂದು ಕೇಳಿಸಿಕೊಂಡಿದ್ದೇನೆ. ಅಕ್ಕನಿಗೆ ಚಹಾ ತರುತ್ತೇನೆಂದು ಹೊರಗೆ ಬಂದೆ. ಬೋರ್ಡಿನ ಮೇಲಿದ್ದ ನಂಬರು ಒತ್ತಿದೆ. ಮೇಸ್ತ್ರಿಯ ದಖನಿ ಹಿಂದಿಯಲ್ಲಿ, "ಮೇಡಂ, ಮೈ ಉನೋಂಕಾ ಹಸ್ಬೆಂಡ್ ಬೋಲ್ರಹಾ ಹೂಂ. ಮೇರಾ ಪರ್ಮಿಷನ್ ಹೈ, ಕರ್ ದೇವ್" ಅಂದೆ. ನಾನು ಅವರ ಗಂಡ, ನನ್ನ ಒಪ್ಪಿಗೆ ಇದೆ, ಮಾಡಿಬಿಡಿ ಅಂತ.

"ಓಕೆ ಸಾರ್, ಥ್ಯಾಂಕ್ಯೂ ಸಾರ್."

ಅಷ್ಟೇ. ಎದುರಿಗೆ ನಿಂತ ಅಕ್ಕ ಹೇಳಿದ್ದು ಆ ಹುಡುಗಿಗೆ ಕೇಳಿಸಿಯೇ ಇರಲಿಲ್ಲ. ಎಲ್ಲಿಂದಲೋ ಬಂದ ಗಂಡಸಿನ ದನಿಯೊಂದು ಸ್ಪಷ್ಟವಾಗಿ ಕೇಳಿಸಿತ್ತು. ಅದು ಗಂಡನದೇ ಎಂಬುದಕ್ಕೆ ಗುಟ್ಕಾ ಒಂದೇ ಸಾಕ್ಷಿ, ಅದೂ ನನ್ನ ಬಾಯಲ್ಲಿ ಇರದ ಗುಟ್ಕಾ.

ಚಹಾ ಹಿಡಿದು ಒಳಗೆ ಬಂದರೆ ಕೌಂಟರಿನ ಮುಖ ಅರಳಿತ್ತು. "ಸಾರ್ ಓಕೆ ಅನ್ನಾರಮ್ಮಾ." ಸಾರ್ ಓಕೆ ಅಂದರಮ್ಮಾ.

"ಯಾವ ಸಾರ್?" ಅಂದ ಅಕ್ಕ ನನ್ನ ಕಡೆ ತಿರುಗಿದಳು. ನಾನು ಮೆಲ್ಲಗೆ ಗಂಟಲು ಕೆರೆದು ತೋರಿಸಿದೆ. ಶಭಾಶ್ ಬರುತ್ತದೆಂದು ಕಾದೆ.

"ಯಾಕಲೇ ಹಿಂಗ ಮಾಡಿದಿ?"

"ಕೆಲಸ ಆತಲ್ಲ, ಅಕ್ಕಾ."

"ಆತು. ನಾ ಹೇಳಿದ್ದು ನಡೀಲಿಲ್ಲ, ಅವರು ಹೇಳದಽ ಇದ್ದದ್ದು ನಡೀತು. ನಾಳೆ ಯಾರಾರ ಕೇಳಿದ್ರ ಏನನ್ಲಿ? ನನ್ನ ತಮ್ಮ ಗಂಡಾಗಿ ಪರ್ಮಿಷನ್ ಕೊಟ್ಟ ಅನ್ಲೇನು?"

ಚಹಾ ನನ್ನ ಕೈಯಲ್ಲೇ ಉಳಿಯಿತು. ಅಕ್ಕ ಕೌಂಟರಿಗೆ ಹೋಗಿ, ದಿನವಿಡೀ ಬಿಲ್ಲು ಹಾಕುವ ಅದೇ ತೆಲುಗಿನಲ್ಲಿ, ಫೋನಿನಲ್ಲಿ ಮಾತಾಡಿದ್ದು ನನ್ನ ಗಂಡನಲ್ಲ, ಇಗೋ ಈ ನನ್ನ ತಮ್ಮ ಎಂದು ಹೇಳಿಬಿಟ್ಟಳು. ಗಂಡ ಹೂಂ ಅಂದಿಲ್ಲ, ಹೂಂ ಅಂದವಳು ನಾನು, ಈಗ ನನ್ನನ್ನು ಕೇಳಿ ಅಂದಳು. ಹುಡುಗಿ ನಮ್ಮಿಬ್ಬರನ್ನೂ ನೋಡಿ ಡಾಕ್ಟರ ಬಳಿಗೆ ಓಡಿದಳು. ಕೆಲಸ ಕೆಟ್ಟಿತು, ಇನ್ನು ಇಲ್ಲಿಂದ ಹೊರಗೆ ಹಾಕುತ್ತಾರೆ ಅಂದುಕೊಂಡೆ.

ಡಾಕ್ಟರು ನಡುವಯಸ್ಸಿನ ಹೆಂಗಸು. ಮೊದಲು ನನಗೆ ಬೈದರು. ಬೈಗುಳ ಚೆನ್ನಾಗಿತ್ತು, ಆದರೆ ಅಕ್ಕ ಪಕ್ಕದಲ್ಲಿದ್ದದ್ದರಿಂದ ಕಲಿಯುವ ಧೈರ್ಯವಾಗಲಿಲ್ಲ. ಆಮೇಲೆ ಅಕ್ಕನಿಗೆ ಹೇಳಿದರು: ಕಾಯಿದೆ ಗಂಡನನ್ನು ಕೇಳುವುದಿಲ್ಲ ನಿಜ, ಆದರೆ ಗಂಡ ಬಂದು ನಮ್ಮನ್ನು ಕೇಳುತ್ತಾನೆ. ಹಿಂದೊಮ್ಮೆ ಒಬ್ಬ ಬಂದು ಕೌಂಟರಿನ ಗಾಜು ಒಡೆದ, ಅಂದಿನಿಂದ ಈ ಫೋನಿನ ಪದ್ಧತಿ. ನಿಮ್ಮವರು ಬಂದರೆ?

"ಬಂದ್ರ ನಾನಽ ಮಾತಾಡ್ತೀನಿ" ಎಂದು ಅಕ್ಕ ಕನ್ನಡದಲ್ಲೇ ಅಂದು, ನೆನಪಾಗಿ ತೆಲುಗಿನಲ್ಲಿ ಹೇಳಿದಳು.

ಡಾಕ್ಟರು ನನ್ನನ್ನು ಹೊರಗೆ ಕಳಿಸಿ ಬಾಗಿಲು ಹಾಕಿದರು. ಒಳಗೆ ಅವಳು ಏನು ಹೇಳಿದಳೋ, ನಿದ್ದೆಯ ವಿಷಯ ಹೇಳಿದಳೋ ಇಲ್ಲವೋ, ನನಗೆ ಗೊತ್ತಿಲ್ಲ. ಈ ಗೋಡೆ ಪ್ಲೈವುಡ್ಡಿನದಾಗಿರಲಿಲ್ಲ. ಹೊರಗೆ ಬಂದಾಗ ಅವಳ ಕಣ್ಣು ಕೆಂಪಾಗಿತ್ತು, ಮುಖ ಮಾತ್ರ ಗಟ್ಟಿಯಾಗಿತ್ತು. ಡಾಕ್ಟರು ಒಪ್ಪಿದ್ದರು. ಇನ್ನೂ ಮೊದಲ ವಾರಗಳಾದ್ದರಿಂದ ಮಾತ್ರೆ ಸಾಕಂತೆ, ನರ್ಸು ಕರೆದಾಗ ಹೋಗಿ ಅವರ ಮುಂದೆಯೇ ನುಂಗಬೇಕು. ಗಂಡನಿಗೆ ಹೇಳಲೇಬೇಕೆಂದಿಲ್ಲ, ನಿಮ್ಮಿಷ್ಟ ಅಂದರಂತೆ.

ಅಕ್ಕ ಬೆಂಚಿನ ಮೇಲೆ ಕೂತು ಮಾವನಿಗೆ ಫೋನು ಹಚ್ಚಿದಳು. ಸೈಟಿನ ಗದ್ದಲದಲ್ಲಿ ಕಿರುಚಿ ಮಾತಾಡುವವರಾದ್ದರಿಂದ ಅವರ ದನಿ ಪಕ್ಕದಲ್ಲಿದ್ದ ನನಗೂ ಕೇಳುತ್ತಿತ್ತು.

"ಇವತ್ತು ಗುಳಿಗಿ ತಗೊಳಾಕತ್ತೀನ್ರಿ. ನಿಮ್ಮನ್ನ ಕೇಳಾಕ ಫೋನ್ ಮಾಡಿಲ್ಲ, ನಿಮಗ ಗೊತ್ತಿರ್ಲಿ ಅಂತ ಮಾಡೀನಿ."

ಆಚೆ ಕಾಂಕ್ರೀಟು ಕಲಸುವ ಯಂತ್ರ ಗರಗರ ಅನ್ನುತ್ತಿತ್ತು. ಆಮೇಲೆ ಮಾವ, "ಲೇ ಮಂಗ್ಯಾ! ಅಕ್ಕನ ದನಿ ತಗದು ಆಟ ಆಡಾಕತ್ತಿಯೇನು? ಆಕಿ ಹಿಂಗ ಮಾತಾಡೂದಿಲ್ಲ. ಆಕಿ ಕೈಯಾಗ ಕೊಡು ಫೋನು" ಅಂದರು.

"ನಾನಽ ಅದೀನ್ರಿ."

"ಚಾಷ್ಟಿ ಸಾಕು. ಕೊಡು ಆಕಿ ಕೈಯಾಗ."

ಅಕ್ಕ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು. "ಸಣ್ಣಾಕಿ ಹುಟ್ಟಿದ ದಿನ ನನ್ನ ಮಂಚದ ಬಾಜೂಕ ನಿಂತು ಏನಂದ್ರಿ? 'ಇನ್ನ ಸಾಕು, ನಿನಗ ಭಾಳ ತ್ರಾಸಾತು' ಅಂದ್ರಿ. ಅದನ್ನ ತಮ್ಮ ಕೇಳಿಲ್ಲ. ನಾ ಕೇಳೀನಿ."

ಯಂತ್ರದ ಸದ್ದು ದೂರವಾಯಿತು. ಮಾವ ಎಲ್ಲಿಗೋ ನಡೆದು ಹೋಗಿರಬೇಕು. ನಾನು ಎಂದೂ ಕೇಳಿರದ ಸಣ್ಣ ದನಿಯಲ್ಲಿ, "ಅವ್ವಗ ಏನಂತ ಹೇಳ್ಲಿ?" ಅಂದರು.

"ನೀವು ಏನಂದಿದ್ರೋ ಅದನ್ನಽ ಹೇಳ್ರಿ" ಅಂದಳು ಅಕ್ಕ.

ನರ್ಸು ಬಾಗಿಲಲ್ಲಿ ಬಂದು ಕರೆದಳು. ಅಕ್ಕ ಫೋನನ್ನು ನನ್ನ ಕೈಯಲ್ಲಿಟ್ಟು, ಯೂನಿಫಾರ್ಮಿನ ವೇಲು ಸರಿಮಾಡಿಕೊಂಡು ಒಳಗೆ ಹೋದಳು.

"ಹಲೋ? ಅದೀಯೇನು?" ಎಂದು ಮಾವ ಕೇಳುತ್ತಲೇ ಇದ್ದರು.

"ಅಕ್ಕ ಒಳಗ ಹೋದ್ಲು, ಮಾವ. ನಾನು" ಅಂದೆ. ಕೋಳಿಮರಿಯ ದನಿಯೇ ಬಂತು.

"ಇಷ್ಟೊತ್ತು ಮಾತಾಡಿದ್ದು ಆಕಿನಽ ಏನು?"

"ಆಕಿನಽ, ಮಾವ."