ನೀರಿನ ಮೇಲಿನ ಬಿಳುಪು

ನಾದಿನಿಯ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ದಿನವೂ ಪೂಜೆಗೆ ಕೂತಾಗ, ಇಳಿಸು ಶಿವನೇ ಎಂದು ಬೇಡುತ್ತೇನೆ. ಹಚ್ಚಿದ ವಿಭೂತಿ ಒಣಗುವಷ್ಟರಲ್ಲಿ ಮತ್ತೆ ಏರಿರುತ್ತದೆ.

ಅವರು ನನ್ನ ಗಂಡನ ಅಕ್ಕ. ಅವರ ಮಗಳ ಮದುವೆಗೆಂದು ಬಳ್ಳಾರಿಯಿಂದ ಕುರುಗೋಡಿಗೆ ಹೋಗಿದ್ದೆ. ಬೆಳಿಗ್ಗೆ, ಮದುವೆ ನಡೆಯಬೇಕಿದ್ದ ಗುಡಿಯ ಹೊಂಡದ ಮೆಟ್ಟಿಲ ಮೇಲೆ ಬಗ್ಗಿ ಕಾಲು ತೊಳೆಯುವಾಗ ಶಿವದಾರ ಹರಿದು, ಕೊರಳಲ್ಲಿದ್ದ ಇಷ್ಟಲಿಂಗ ಬೆಳ್ಳಿಯ ಕರಡಿಗೆ ಸಮೇತ ನೀರಿಗೆ ಬಿತ್ತು. ಪೂಜೆ ಇನ್ನೂ ಆಗಿರಲಿಲ್ಲ. ಲಿಂಗಪೂಜೆ ಆಗದೆ ನಾನು ಹನಿ ನೀರೂ ಕುಡಿಯುವವಳಲ್ಲ. ನೋಡಿದರೆ ಬಿಸಿಲು ಬಿದ್ದ ಹೊಂಡ ತಗಡಿನಂತೆ ಹೊಳೆಯುತ್ತಿತ್ತು; ಒಳಗೇನೂ ಕಾಣದು.

“ಲಿಂಗ ತಾನಾಗೇ ಬಿಟ್ಟು ಹೋತಂದ್ರ ಏನೋ ಮೈಲಿಗಿ ಐತಿ ಬಿಡು,” ಎಂದರು ನಾದಿನಿ, ಬೀಗರ ಎದುರಿಗೇ. “ನೀ ಇವತ್ತು ಆರತಿ ಎತ್ತಬ್ಯಾಡ. ಹಿಂದ ಕುಂದ್ರು.”

ಮೂವತ್ತು ವರ್ಷ ಅವರ ತವರುಮನೆಗೆ ರೊಟ್ಟಿ ಬಡಿದ ಕೈ ಇದು. ದಾರ ಹಳೆಯದಾಗಿತ್ತು, ಅಷ್ಟೇ. ಅದಕ್ಕೆ ನನ್ನ ಮೈಗೇ ಪಾಪ ಅಂಟಿಸಿದರು.

ಯಾರೋ ಆಳೊಬ್ಬನಿಗೆ ನೀರಿಗಿಳಿಯಲು ಹೇಳಿದ್ದೇ ತಡ, ಸಿರುಗುಪ್ಪದಿಂದ ಬಂದಿದ್ದ ಮದುವೆಯ ಫೋಟೊಗ್ರಾಫರ್ ಕೂಗಿದ: “ಇಳೀಬ್ಯಾಡ್ರಿ! ಕೆಸರು ಎದ್ದರ ಮುಗೀತು.”

ಹತ್ತು ಮೆಟ್ಟಿಲು ಹಿಂದಕ್ಕೆ ಹತ್ತಿ, ಕ್ಯಾಮೆರಾದ ಮುಂದೆ ಬಳೆಯಂಥ ಚೌಕಟ್ಟಿನ ಕಪ್ಪು ಗಾಜೊಂದನ್ನು ಸಿಕ್ಕಿಸಿದ. ಪೋಲರೈಸರ್ ಅಂತೆ. ನೀರಿನಿಂದ ಓರೆಯಾಗಿ ಪುಟಿದ ಬೆಳಕು ಹೆಚ್ಚಾಗಿ ಒಂದೇ ದಿಕ್ಕಿನಲ್ಲಿ ಅಲುಗುತ್ತದಂತೆ. ಈ ಗಾಜನ್ನು ಸರಿಯಾಗಿ ತಿರುವಿದರೆ ಅದಕ್ಕೆ ಅಡ್ಡ ನಿಲ್ಲುತ್ತದಂತೆ.

“ಮದಿಮಗಳನ್ನ ತಗೀ ಅಂದ್ರ ಹೊಂಡ ತಗೀತಾನ ನೋಡು!” ನಾದಿನಿ ಗೊಣಗಿದರು.

“ಹೊಂಡ ಚಲೋ ಐತ್ರಿ, ಅಲುಗಾಡಂಗಿಲ್ಲ,” ಎಂದವನು ನನ್ನ ಕಡೆ ತಿರುಗಿದ. “ಬರ್ರಿ ಅಕ್ಕಾರ, ನೀವ ತಿರುವಿ ನೋಡ್ರಿ.”

ಕ್ಯಾಮೆರಾಕ್ಕೆ ಕಣ್ಣಿಟ್ಟು ಬಳೆ ತಿರುವಿದೆ. ನೀರಿನ ಮೇಲಿನ ಬಿಳುಪು ಸೆರಗಿನಂತೆ ಜಾರಿತು. ಹಸಿರು ಪಾಚಿ, ಮುಳುಗಿದ ಮೆಟ್ಟಿಲು, ಅದರ ಬಿರುಕಿನಲ್ಲಿ ಸಿಕ್ಕಿಕೊಂಡ ನನ್ನ ಕರಡಿಗೆ! ಅವನು ಮೇಲಿನಿಂದ “ಎಡಕ್ಕ... ಇನ್ನೊಂದು ಗೇಣು” ಎನ್ನುತ್ತಿದ್ದಂತೆ ಮೊಣಕಾಲುದ್ದ ನೀರಿಗೆ ನಾನೇ ಮೆಲ್ಲಗೆ ಇಳಿದು ಎತ್ತಿಕೊಂಡೆ. ಕೆಸರೇಳದ್ದು ಒಂದು ಕರುಣೆ, ಮುಚ್ಚಳ ಬಿಚ್ಚದ್ದು ಇನ್ನೊಂದು.

“ಹೋಗ್ಲಿ ಬಿಡು, ಸಿಕ್ತಲ್ಲ. ಬಾ, ಆರತಿ ಎತ್ತು,” ಎಂದು ನಾದಿನಿ ನಕ್ಕರು. ಮೈಲಿಗೆಯ ಮಾತನ್ನು ಬೀಗರ ಎದುರಿಗೆ ಆಡಿದ್ದರು. ತಪ್ಪಾಯಿತು ಎಂಬುದನ್ನು ಯಾರ ಎದುರಿಗೂ ಆಡಲಿಲ್ಲ.

“ನನ್ನ ಪೂಜಿ ಆಗ್ಬೇಕ್ರಿ ಅಕ್ಕಾರ. ಆರತಿ ನೀವ ಎತ್ರಿ,” ಎಂದೆ.

ಮೆಟ್ಟಿಲ ಮೇಲೆಯೇ ಪೂಜೆ ಮುಗಿಸಿ ಒಂದು ಲೋಟ ನೀರು ಕುಡಿದೆ. ಆರತಿಗೆ ವಾಲಗ ಶುರುವಾದದ್ದು ಕೇಳಿಸಿತು. ಎದ್ದು ಹೋಗಲಿಲ್ಲ.