ಗಾಜಿನ ಕಡ್ಡಿಯ ಮೇಸ್ತ್ರಿ

ಬಿಸಿಲಿಗೆ ಹಿಡಿದರೆ ಅವರ ಮುಂಗೈ ಮಿನುಗುತ್ತಿತ್ತು. ರೋಮದ ನಡುವೆ ಗಾಜಿನ ಸಣ್ಣ ಎಳೆಗಳು ಕೂತಿರುತ್ತಿದ್ದವು. ಮಾತಾಡುವಾಗಲೂ ಕೆರೆದುಕೊಳ್ಳುತ್ತಲೇ ಇರುತ್ತಿದ್ದರು. ಎಡಗೈಯೋ ಬಲಗೈಯೋ, ಈಗ ಆಣೆಯಿಟ್ಟು ಹೇಳಲಾರೆ. ಆ ವಾರದ ನನ್ನ ಡೈರಿಯಲ್ಲಿರುವುದು ಎಂ.ಎ. ಪರೀಕ್ಷೆಯ ಗೋಳು ಮಾತ್ರ. ಉಳಿದದ್ದೆಲ್ಲ ನೆನಪಿನಿಂದ ಬರೆಯುತ್ತಿದ್ದೇನೆ, ಅದನ್ನು ನಾನು ಪೂರ್ತಿ ನಂಬುವುದಿಲ್ಲ.

ಅವರು ಹಲಸೂರಿನ ಸೆಂಟ್ರಿಂಗ್ ಮೇಸ್ತ್ರಿ. ತೊಂಬತ್ತರ ದಶಕದ ಕೊನೆಯಲ್ಲಿ ಕೆ.ಆರ್. ಪುರದಲ್ಲಿ ನಮ್ಮ ಮನೆ ಏಳುವಾಗ, ನೆಲದಡಿಯ ನೀರಿನ ಸಂಪಿನ ಕಾಂಕ್ರೀಟ್ ಗೋಡೆಗೆ ಹಲಗೆ ಕಟ್ಟಲು ಬಂದವರು. ಎದುರುಬದುರು ನಿಲ್ಲಿಸಿದ ಹಲಗೆಗಳು ಹಸಿ ಕಾಂಕ್ರೀಟಿನ ಒತ್ತಡಕ್ಕೆ ಸರಿಯದಂತೆ, ಅಡ್ಡಲಾಗಿ ಕಬ್ಬಿಣದ ಸರಳು ತೂರಿಸಿ ಹೊರಗಿನಿಂದ ಬಿಗಿಯುವುದು ರೂಢಿ. ಆ ಸರಳು ಗೋಡೆಯಲ್ಲೇ ಉಳಿಯುತ್ತದೆ. ಮೇಸ್ತ್ರಿ ಅದರ ಬದಲು ವಿಮಾನಪುರದ ಕಡೆಯ ಶೆಡ್ಡೊಂದರಿಂದ ಫೈಬರ್ ಗ್ಲಾಸ್ ಕಡ್ಡಿಗಳ ಕಟ್ಟು ತಂದರು. ತಾವೇ ಗರಗಸದಲ್ಲಿ ಕೊಯ್ದರು. ಕೈ ಮಿನುಗುತ್ತಿದ್ದುದು ಅದರ ಪುಡಿಗೆ.

"ಏನ್ ಮೇಸ್ತ್ರಿ, ಸಂಪು ಕಟ್ತೀರೋ, ಗಾಳಿಪಟಕ್ಕೆ ಮಾಂಜಾ ಮಾಡ್ತೀರೋ?" ಎಂದ ಚಿಕ್ಕಪ್ಪ. ಅಪ್ಪನಿಲ್ಲದ ನಮ್ಮ ಮನೆಯ ಕೆಲಸ ನೋಡಿಕೊಳ್ಳುತ್ತಿದ್ದವನು ಅವನೇ.

"ಗೋಡೆ ಕಂಬಿ ಕಬ್ಬಿಣದ್ದೇ ಸಾರ್, ಅದನ್ನ ಮುಟ್ಟಲ್ಲ. ಇದು ಹಲಗೆ ಹಿಡಿಯೋಕಷ್ಟೆ. ಸರಳಿನ ತುದಿ ನೀರು ಕುಡಿದು ತುಕ್ಕು ಹಿಡಿಯುತ್ತೆ, ಅಲ್ಲೇ ಸೋರೋದು. ಇದಕ್ಕೆ ತುಕ್ಕೇ ಗೊತ್ತಿಲ್ಲ."

"ತಡೆಯುತ್ತಾ?"

"ನೀವು ತಡೆದ್ರೆ ಅದೂ ತಡೆಯುತ್ತೆ."

ತಡೆಯಲು ಅವರದೇ ಒಂದು ಕ್ರಮವಿತ್ತು. ಒಂದಡಿ ಕಾಂಕ್ರೀಟ್ ಹಾಕಿ ಎಲ್ಲರಿಗೂ ಟೀ. ಲೋಟ ಖಾಲಿಯಾಗುವವರೆಗೆ ಯಾರೂ ಕಾಂಕ್ರೀಟ್ ಹೊರುವ ಬಾಂಡ್ಲಿ ಮುಟ್ಟುವಂತಿಲ್ಲ; ಅಷ್ಟರಲ್ಲಿ ಕೆಳಗಿನದು ಸ್ವಲ್ಪ ಬಿಗಿದು ಹಲಗೆಯ ಮೇಲಿನ ಒತ್ತಡ ಇಳಿಯುತ್ತದೆ. "ಗಡಿಯಾರ ತೋರಿಸಿದ್ರೆ ಯಾರೂ ಕಾಯಲ್ಲಮ್ಮಾ, ಟೀ ಕೊಟ್ರೆ ಕಾಯ್ತಾರೆ" ಎನ್ನುತ್ತಿದ್ದರು. ಟೀ ನನ್ನ ಪಾಲಿನ ಕೆಲಸ.

ಎರಡು ಟೀ ಆದವು. ಬಿಗಿಯುವ ಬೆಣೆಗಳು ಸಾಲದೆಂದು ಮೇಸ್ತ್ರಿ ಸೈಕಲ್ ಹತ್ತಿ ಟಿನ್ ಫ್ಯಾಕ್ಟರಿ ಕಡೆ ಹೊರಟರು. "ಮೂರನೇ ಟೀ ಮರೀಬೇಡಮ್ಮಾ" ಎಂದು ಹೇಳಿಯೇ ಹೋದರು.

ಮೂರನೆಯ ಟೀ ಹೋಗಲಿಲ್ಲ. ಬಾಂಡ್ಲಿಗಳು ನಿಲ್ಲಲಿಲ್ಲ. ಟಕ್ ಎಂದು ಎರಡು ಕಡ್ಡಿಗಳ ಹಿಡಿ ಜಾರಿ, ಒಳಬದಿಯ ಹಲಗೆ ಸಂಪಿನೊಳಕ್ಕೆ ಉಬ್ಬಿತು. ವಾಪಸ್ ಬಂದ ಮೇಸ್ತ್ರಿ ಸೈಕಲ್ ಎಸೆದು ಓಡಿ, ಒಳಗಿಳಿದು ಹಲಗೆಗೆ ಬೆನ್ನು ಕೊಟ್ಟು ನಿಂತರು. ಆಳುಗಳು ಹಲಗೆಗೆ ಊರುಗೋಲು ಕೊಡುವವರೆಗೆ ಕದಲಲಿಲ್ಲ. ಗೋಡೆ ಉಳಿಯಿತು, ಹೊಟ್ಟೆ ಬಿಟ್ಟುಕೊಂಡು.

"ಗಾಜು ನಂಬ್ಕೊಂಡ್ರೆ ಇಷ್ಟೇ" ಎಂದ ಚಿಕ್ಕಪ್ಪ.

"ನಾನು ಹೋಗ್ಬಾರ್ದಿತ್ತು ಸಾರ್" ಎಂದರು ಮೇಸ್ತ್ರಿ. ಅಷ್ಟೇ. ಟೀ ವಿಷಯ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಚಿಕ್ಕಪ್ಪ ಬೀದಿಯಿಡೀ ಆ ಕಥೆ ಹೇಳಿದ. ನಮ್ಮ ಸಾಲಿನಲ್ಲೇ ಕೆಲಸ ಕೊಡಲು ಒಪ್ಪಿಕೊಂಡಿದ್ದ ಎರಡು ಮನೆಯವರು ಅವರನ್ನು ಬೇಡವೆಂದರು. ವರ್ಷಗಳ ನಂತರ ಬಸ್ ಸ್ಟಾಪಿನಲ್ಲಿ ಸಿಕ್ಕಿದರು. ಕೈಯಲ್ಲಿ ಆ ಮಿನುಗು ಇರಲಿಲ್ಲ. ತಾರಸಿಯ ಮೋಲ್ಡ್ ಕೆಲಸ ಮಾತ್ರ ಮಾಡುತ್ತೇನೆ, ಗೋಡೆ ಯಾರೂ ಕೊಡುವುದಿಲ್ಲ ಎಂದರು.

"ಸಂಪು ಸೋರುತ್ತೇನಮ್ಮಾ?"

"ಇಲ್ಲ ಮೇಸ್ತ್ರಿ."

"ಹ್ಞೂ" ಎಂದು ಅಭ್ಯಾಸಬಲದಿಂದ ಕೈ ಕೆರೆದುಕೊಂಡರು. ಆಗಲಾದರೂ ಟೀ ವಿಷಯ ಹೇಳಬಹುದಿತ್ತು. ಅಷ್ಟರಲ್ಲಿ ಬಸ್ ಬಂತು.

ಅವರು ತೀರಿಕೊಂಡ ಸುದ್ದಿ ತಂದವನೂ ಚಿಕ್ಕಪ್ಪನೇ. ಅದೇ ತಿಂಗಳು ಸಂಪು ತೊಳೆಸಿದೆವು. ಟಾರ್ಚ್ ಹಿಡಿದು ನಾನೇ ಇಳಿದೆ. ಉಬ್ಬು ಹಾಗೇ ಇತ್ತು. ಅದರ ಮೇಲೆ ಕೊಯ್ದ ಕಡ್ಡಿಗಳ ತುದಿಗಳು ಮಾಸಲು ಚುಕ್ಕಿಗಳಂತೆ ಕಾಣುತ್ತಿದ್ದವು. ಯಾವುದರ ಸುತ್ತಲೂ ತುಕ್ಕಿನ ಕಲೆಯಿಲ್ಲ.

ಪರೀಕ್ಷೆಯ ಪುಸ್ತಕದಲ್ಲಿ ಮುಳುಗಿ ನಾನೇ ಮರೆತೆನೋ, ಅಥವಾ ಅಡುಗೆಮನೆ ಬಾಗಿಲಿಗೆ ಬಂದು ಯಾರೋ ಬೇಡವೆಂದರೋ? ಎರಡೂ ನನಗೆ ಅಷ್ಟೇ ಸ್ಪಷ್ಟವಾಗಿ ನೆನಪಿವೆ. ಮೇಲೆ ಸಂಪಿನ ಬಾಯಲ್ಲಿ ಬಗ್ಗಿ ನಿಂತಿದ್ದವನನ್ನು ಕೇಳಿದೆ:

"ಚಿಕ್ಕಪ್ಪ, ಮೂರನೇ ಟೀ ಬೇಡ ಅಂದಿದ್ದು ನೀನಾ, ಇಲ್ಲಾ ನಾನೇ ತರ್ಲಿಲ್ವಾ?"

ಅವನು ಕೈ ಚಾಚಿದ. "ಮೊದ್ಲು ಮೇಲೆ ಬಾ."